ಕೋಡ್ ಓದಿದವನು ನಾನು, ಕಾಯಿಲೆ ಹಿಡಿದವರು ತಾತ

ಮರ್ಫಿ ಟೌನಿನ ನಮ್ಮ ಬೀದಿಯಲ್ಲಿ ಯಾರೂ ಅಲಾರಂ ಇಟ್ಟುಕೊಳ್ಳುವುದಿಲ್ಲ. ಬೆಳಗಿನ ಜಾವ ಐದಕ್ಕೆ ನೀರಿನ ಟ್ಯಾಂಕರ್ ಗುಡುಗುತ್ತದೆ, ಬೀದಿ ಏಳುತ್ತದೆ. ಹನ್ನೆರಡು ಸಾವಿರ ಲೀಟರ್ ಹೊರುವ ಲಾರಿ. ಆರು ಸಿಲಿಂಡರ್, 24 ವೋಲ್ಟ್. ಓನರೂ ಒಬ್ಬರೇ, ಡ್ರೈವರೂ ಒಬ್ಬರೇ. ನಾವೆಲ್ಲ ಅವರನ್ನು ಟ್ಯಾಂಕರಣ್ಣ ಅಂತಲೇ ಕರೆಯುವುದು.

ಮೂರು ವರ್ಷದ ಹಿಂದೆ, ಡಿಸೆಂಬರಿನ ಒಂದು ಬೆಳಿಗ್ಗೆ ಬೀದಿ ಏಳಲಿಲ್ಲ. ಕೀ ತಿರುಗಿಸಿದರೆ ಸೆಲ್ಫ್ ‘ಟಕ್’ ಅಂದು ಸುಮ್ಮನಾಯಿತು. ಇಂದಿರಾನಗರದ ಮೂರು ಅಪಾರ್ಟ್‌ಮೆಂಟುಗಳಲ್ಲಿ ಆವತ್ತು ಯಾರಿಗೂ ಸ್ನಾನವಿಲ್ಲ. ಫೋನಿನಲ್ಲಿ ಬೈಗುಳ ತಿಂದದ್ದು ಟ್ಯಾಂಕರಣ್ಣ.

ಗೆಳೆಯರೇ, ಲಾರಿ ಕೆಟ್ಟು ನಿಂತದ್ದೂ ಒಂದು ಸುದ್ದಿಯೇ ಅಂತ ಮೂಗು ಮುರಿಯಬೇಡಿ. ಆ ಲಾರಿಯ ಸುತ್ತ ಎರಡು ಚಳಿಗಾಲ ನಡೆದ ನಾಟಕದಲ್ಲಿ ನನ್ನದೂ ಒಂದು ಪಾತ್ರವಿತ್ತು. ಗೌರವದ ಪಾತ್ರವೇನಲ್ಲ.

ಮೊದಲನೇ ಮೆಕ್ಯಾನಿಕ್ ಬಂದ. ಬ್ಯಾಟರಿ ಸತ್ತಿದೆ ಅಂದ. ಸರಿಯಾಗೇ ಹೇಳಿದ, ಬ್ಯಾಟರಿ ಸತ್ತೇ ಇತ್ತು. ಯಾಕೆ ಸತ್ತಿತು ಅಂತ ಅವನೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಎರಡು ಹೊಸ ಬ್ಯಾಟರಿ, ಮೂವತ್ತು ಸಾವಿರದ ಹತ್ತಿರ. ಹತ್ತು ದಿನ ಓಡಿತು. ಹನ್ನೊಂದನೇ ಬೆಳಿಗ್ಗೆ ಮತ್ತೆ ‘ಟಕ್’. ಎರಡನೆಯವನು ಸೆಲ್ಫ್ ಮೋಟಾರ್ ಬಿಚ್ಚಿ ವೈಂಡಿಂಗಿಗೆ ಕೊಂಡೊಯ್ದ. ಮೂರನೆಯವನು ಡೈನಮೋ ಹೋಗಿದೆ ಅಂದ, ಜೆ.ಸಿ. ರಸ್ತೆಯಿಂದ ಬೇರೆ ತಂದು ಕೂರಿಸಿದ. ಅಷ್ಟರಲ್ಲಿ ಶಿವರಾತ್ರಿ ಬಂತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದಲ್ಲ, ಲಾರಿಯ ಕಾಯಿಲೆಯೂ ಅದರ ಹಿಂದೆಯೇ ಓಡಿಹೋಯಿತು. ಮೂರನೆಯವನು ‘ನೋಡಿದ್ರಾ ನನ್ನ ಕೈಗುಣ’ ಅಂತ ಕಾಲರ್ ಎತ್ತಿಕೊಂಡು ಓಡಾಡಿದ.

ಮುಂದಿನ ಡಿಸೆಂಬರ್ ಬಂತು. ಕಾಯಿಲೆಯೂ ಬಂತು.

ಈ ಸಲ ಟ್ಯಾಂಕರಣ್ಣ ಸಾಲ ಮಾಡಿ ದೊಡ್ಡ ಕಡೆಗೇ ಫೋನ್ ಮಾಡಿದರು. ಆ ಕಂಪನಿಯ ಹೆಸರು ಬೇಡ ಬಿಡಿ. ಟ್ಯಾಬ್ ಹಿಡಿದುಕೊಂಡು ಒಬ್ಬ ಹುಡುಗ ಬಂದ. ಸ್ಟೀರಿಂಗ್ ಕೆಳಗೆ ಒಂದು ಪಿನ್ ಚುಚ್ಚಿದ, ಪರದೆ ನೋಡಿದ. ‘ಕೋಡ್ ಏನೂ ಇಲ್ಲ ಸಾರ್, ಎಂಜಿನ್ ಪರ್ಫೆಕ್ಟ್. ಬ್ಯಾಟರಿ ಬದಲಾಯಿಸಿ’ ಅಂದ. ಟ್ಯಾಂಕರಣ್ಣ ತಲೆ ಚಚ್ಚಿಕೊಂಡರು. ‘ಹೋದ ವರ್ಷ ಹಾಕಿಸಿದ್ದು ಕಣಪ್ಪಾ!’ ಹುಡುಗ ಭುಜ ಕುಣಿಸಿ ಬಿಲ್ ಬರೆದ.

ಅದೇ ವಾರ ಕ್ಲೀನರ್ ಹುಡುಗ ಕೈಗೆ ಸಿಕ್ಕ ವೈರನ್ನೆಲ್ಲ ಜಗ್ಗಾಡಿ ನೋಡುತ್ತಿದ್ದಾಗ ಒಂದು ಸಣ್ಣ ವೈರ್ ಕಿತ್ತು ಬಂತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಟ್ಯಾಬ್ ಹುಡುಗ ಮತ್ತೆ ಬಂದ. ಈಗ ಕೋಡ್ ಇತ್ತು, ಅವನ ಮುಖದಲ್ಲೂ ಕಳೆ ಬಂತು. ಪರದೆ ತುಂಬ ಇಂಗ್ಲಿಷು. ‘ನಮ್ಮ ಬೀದಿಯ ಓದಿಕೊಂಡವನು’ ಅಂತ ನನ್ನನ್ನು ಕರೆಸಿದರು. ನಾನು ಜಂಬದಿಂದ ಗಟ್ಟಿಯಾಗಿ ಓದಿದೆ: ‘ಕೋಲ್ಡ್ ಸ್ಟಾರ್ಟ್ ಏಡ್ ರಿಲೇ. ಕರೆಂಟ್ ಬಿಲೋ ನಾರ್ಮಲ್ ಆರ್ ಓಪನ್ ಸರ್ಕ್ಯೂಟ್.’ ಪಕ್ಕದಲ್ಲಿ ಎರಡು ಅಂಕಿ, 676 ಮತ್ತು 5. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಸತ್ಯ ಹೇಳುತ್ತೇನೆ, ಓದಿದ ನನಗೆ ಒಂದಕ್ಷರ ತಿಳಿದಿರಲಿಲ್ಲ.

ಹುಡುಗ ಆಫೀಸಿಗೆ ಫೋನ್ ಮಾಡಿದ. ಅಲ್ಲಿಂದ ತೀರ್ಪು ಬಂತು, ಇಸಿಎಂ ಹೋಗಿದೆ. ಇಸಿಎಂ ಅಂದರೆ ಎಂಜಿನ್ನಿನ ಕಂಪ್ಯೂಟರ್ ಡಬ್ಬಿ. ಲಕ್ಷದ ಮೇಲೆ ಆಗುತ್ತದಂತೆ. ಟ್ಯಾಂಕರಣ್ಣ ಅಲ್ಲೇ ಫುಟ್‌ಪಾತಿನ ಮೇಲೆ ಕುಕ್ಕರಿಸಿದರು.

ಆಗ ಬಂದವರು ತಾತ. ನಮ್ಮ ಬೀದಿಯ ಕೊನೆಯ ಮನೆಯವರು. ಕೆ.ಆರ್. ಪುರದ ಹತ್ತಿರ ದೂರವಾಣಿನಗರದ ಐಟಿಐ ಇದೆಯಲ್ಲ, 1948ರಲ್ಲಿ ಶುರುವಾದ ಟೆಲಿಫೋನ್ ಕಾರ್ಖಾನೆ, ಅಲ್ಲಿ ದುಡಿದು ನಿವೃತ್ತರಾದವರು. ಹಳೇ ಟೆಲಿಫೋನ್ ಎಕ್ಸ್‌ಚೇಂಜ್ ಅಂದರೆ ಕೋಣೆ ತುಂಬ ರಿಲೇ. ಆ ರಿಲೇಗಳನ್ನು ಹೊಂದಿಸುವುದೇ ಅವರ ಕೆಲಸವಾಗಿತ್ತು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾರೆ, ಅಷ್ಟೆ.

‘ಐದು ಅಂದ್ರೆ ಏನಂತಪ್ಪಾ?’ ಅಂದರು.

‘ಕರೆಂಟ್ ಕಮ್ಮಿ ತಾತ, ಇಲ್ಲಾಂದ್ರೆ ಓಪನ್.’

‘ಎಲ್ಲಿ ಓಪನ್? ರಿಲೇದೋ, ಹೀಟರ್‌ದೋ?’

ನಾನು ಮತ್ತೆ ಪರದೆ ನೋಡಿದೆ. ‘ರಿಲೇ ಅಂತಿದೆ.’

‘ಹಂಗಾದ್ರೆ ಕಾಯಿಲ್ ಕಡೆ. ಸಣ್ಣ ವೈರ್ ನೋಡ್ರೋ.’

ಟಾರ್ಚ್ ಬಿಟ್ಟು ನೋಡಿದರೆ ಸಣ್ಣ ವೈರ್ ಜೋತು ಬಿದ್ದಿತ್ತು. ಸಿಕ್ಕಿಸಿದರು. ಹುಡುಗ ಕೋಡ್ ಅಳಿಸಿದ, ಮತ್ತೆ ಬರಲಿಲ್ಲ. ಲಕ್ಷ ರೂಪಾಯಿಯ ಇಸಿಎಂ ಐದು ನಿಮಿಷದಲ್ಲಿ ‘ಸರಿ’ ಆಯಿತು. ನಾವು ಚಪ್ಪಾಳೆ ಹೊಡೆದೆವು. ತಾತ ನಗಲಿಲ್ಲ. ‘ಇದು ಇವತ್ತಿನ ಗಾಯ. ಹಳೇ ಕಾಯಿಲೆ ಬೇರೆ ಐತೆ’ ಅಂದರು. ಟ್ಯಾಂಕರಣ್ಣನಿಗೆ ಒಂದೇ ಕೆಲಸ ಹೇಳಿದರು. ದಿನಾ ರಾತ್ರಿ, ಲಾರಿ ನಿಲ್ಲಿಸಿದ ಮೇಲೆ, ಎಂಜಿನ್ ಗಾಳಿ ಎಳೆಯುವ ಕೊಳವೆಯ ಬುಡ ಮುಟ್ಟಿ ನೋಡಬೇಕು.

ಮೂರನೇ ರಾತ್ರಿ ಟ್ಯಾಂಕರಣ್ಣ ಕೈ ಸುಟ್ಟುಕೊಂಡು ಬೀದಿಗೆ ಕೇಳುವ ಹಾಗೆ ಕೂಗಿದರು. ತಾತ ಕ್ಲ್ಯಾಂಪ್ ಮೀಟರ್ ತಂದು ದಪ್ಪ ವೈರಿಗೆ ತಗುಲಿಸಿದರು. 78 ಆಂಪಿಯರ್! ಕೀ ಟ್ಯಾಂಕರಣ್ಣನ ಜೇಬಿನಲ್ಲಿದೆ, ದೀಪ ಆರಿದೆ, ಎಂಜಿನ್ ಮಲಗಿದೆ. ಲಾರಿ ಮಾತ್ರ ಕತ್ತಲಲ್ಲಿ ಕೂತು 78 ಆಂಪಿಯರ್ ಕುಡಿಯುತ್ತಿದೆ. 150 ಆಂಪಿಯರ್ ಅವರ್ ಬ್ಯಾಟರಿ ಎರಡು ತಾಸಿನೊಳಗೆ ಬರಿದು. ಆಮೇಲೆ ಕುಡಿಯಲು ಏನೂ ಇಲ್ಲದೆ ಹೀಟರ್ ತಣ್ಣಗಾಗುತ್ತದೆ. ಬೆಳಿಗ್ಗೆ ಬಂದ ಮೆಕ್ಯಾನಿಕ್ಕಿಗೆ ಸಿಗುವುದು ಸತ್ತ ಬ್ಯಾಟರಿಯ ಹೆಣ ಮಾತ್ರ. ಕಳ್ಳ ರಾತ್ರಿಯೇ ಹೋಗಿರುತ್ತಾನೆ.

ತಾತ ಪಾನಾದ ಹಿಡಿಯಿಂದ ರಿಲೇ ಡಬ್ಬಿಗೆ ಒಂದು ಏಟು ಹಾಕಿದರು. ‘ಟಪ್’. ಮೀಟರ್ ಸೊನ್ನೆಗೆ ಬಂತು.

*ಬೆಂಗಳೂರಿಗೆ ಹೀಟರ್ ಯಾಕೆ?*

ನೀವೂ ಕೇಳುತ್ತೀರಿ, ನಾನೂ ಕೇಳಿದ್ದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು. ಈಗಿನ ಜನವರಿಯಲ್ಲಿ 15ರ ಆಸುಪಾಸು. ಗಟ್ಟಿಮುಟ್ಟಾದ ಡೀಸೆಲ್ ಎಂಜಿನ್ನಿಗೆ ಇದೊಂದು ಚಳಿಯೇ ಅಲ್ಲ.

ಡೀಸೆಲ್ಲಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಾಲು ಒತ್ತಿದಾಗ ಅದು ಕೆಂಡದಂತೆ ಕಾಯುತ್ತದೆ, ಡೀಸೆಲ್ ಚಿಮ್ಮಿದೊಡನೆ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ಕಬ್ಬಿಣ ಆ ಬಿಸಿಯನ್ನೆಲ್ಲ ಹೀರಿಬಿಡುತ್ತದೆ, ಆಯಿಲ್ ಗಟ್ಟಿಯಾಗಿರುತ್ತದೆ, ಬ್ಯಾಟರಿಗೂ ತ್ರಾಣ ಕಮ್ಮಿ, ಸೆಲ್ಫ್ ನಿಧಾನ ತಿರುಗುತ್ತದೆ. ಅದಕ್ಕೇ ಒಂದು ಊರುಗೋಲು. ಹಳೇ ಎಂಜಿನ್‌ಗಳಲ್ಲಿ ಸಿಲಿಂಡರಿಗೊಂದು ಹೀಟರ್ ಪ್ಲಗ್. ಕೆಲವು ಟ್ರ್ಯಾಕ್ಟರುಗಳಲ್ಲಿ ಗಾಳಿಯ ದಾರಿಯಲ್ಲೇ ಒಂದು ತೊಟ್ಟು ಡೀಸೆಲ್ ಉರಿಸುವ ಥರ್ಮೋಸ್ಟಾರ್ಟ್. ಈಗಿನ ಎಷ್ಟೋ ದೊಡ್ಡ ಎಂಜಿನ್‌ಗಳಲ್ಲಿ ಗಾಳಿ ಬರುವ ಬಾಯಲ್ಲೇ ರೊಟ್ಟಿ ಸುಡುವ ಜಾಲರಿಯಂಥ ಇನ್‌ಟೇಕ್ ಹೀಟರ್.

ಲಾರಿ ಮಾಡುವವನು ಮರ್ಫಿ ಟೌನಿಗೆ ಅಂತ ಮಾಡುವುದಿಲ್ಲ. ಇವತ್ತು ಇಲ್ಲಿ ನೀರು ಹೊರುವ ಲಾರಿಯ ಅಣ್ಣತಮ್ಮಂದಿರು ಲಡಾಖಿಗೆ ಅಕ್ಕಿ ಹೊರುತ್ತಿರುತ್ತವೆ. ಅಲ್ಲಿನ ಚಳಿಗೆ ಮಾಮೂಲಿ ಡೀಸೆಲ್ಲೇ ಹೆಪ್ಪುಗಟ್ಟುತ್ತದೆ. ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಅಲ್ಲಿಗಾಗಿ 2019ರಲ್ಲಿ ತಂದಿತು. ಅಲ್ಲಿ ಈ ಜಾಲರಿ ಇಲ್ಲದೆ ಬೆಳಗಾಗುವುದಿಲ್ಲ. ಇಲ್ಲಿ ಅದು ಡಿಸೆಂಬರಿನಲ್ಲಿ ನಾಲ್ಕು ಸೆಕೆಂಡು ಎದ್ದು, ಸ್ಟಾರ್ಟ್ ಆದಾಗ ಬಿಳಿ ಹೊಗೆ ಕಡಿಮೆ ಮಾಡಿ, ಮತ್ತೆ ಮಲಗುತ್ತದೆ. ನಮ್ಮ ಟ್ಯಾಂಕರಿನಲ್ಲಿ ಗಾಳಿ 18-19 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಇಸಿಎಂ ಅದನ್ನು ಎಬ್ಬಿಸುತ್ತದೆ. ಶಿವರಾತ್ರಿಯ ಮಹಿಮೆ ಇಷ್ಟೇ. ಚಳಿ ಹೋದ ಮೇಲೆ ರಿಲೇ ಕೂಡುವುದೂ ಇಲ್ಲ, ಅಂಟುವುದೂ ಇಲ್ಲ.

ತಮಾಷೆ ನೋಡಿ, ಬೇಕಿಲ್ಲದ ಊರಿನಲ್ಲಿ ಇದು ಕೆಡುವ ರೀತಿಯೇ ಬೇರೆ. ಲಡಾಖಿನಲ್ಲಿ ಹೀಟರ್ ಬರದಿದ್ದರೆ ತೊಂದರೆ. ಬೆಂಗಳೂರಿನಲ್ಲಿ ಅದು ಹೋಗದಿದ್ದರೆ ತೊಂದರೆ. ಪುಸ್ತಕ ಓದಿ ಬಂದವನು ‘ಬರುತ್ತಿದೆಯಾ’ ಅಂತ ಮಾತ್ರ ನೋಡುತ್ತಾನೆ.

ಇದರ ಉಲ್ಟಾ ತಪ್ಪೂ ಉಂಟು. ಏಪ್ರಿಲಿನ ಮಧ್ಯಾಹ್ನ, ಕಾದ ಎಂಜಿನ್ನಿನ ಮೇಲೆ ಮೀಟರ್ ಇಟ್ಟು, ಹೀಟರಿಗೆ ಕರೆಂಟೇ ಬರುತ್ತಿಲ್ಲ ಅಂತ ಇಸಿಎಂ ಬಿಚ್ಚಲು ಹೊರಟವರನ್ನು ಕಂಡಿದ್ದೇನೆ. ಆ ಬಿಸಿಲಿನಲ್ಲಿ ಅದು ಯಾಕೆ ಬರಬೇಕು ಹೇಳಿ? ಚಳಿಯ ಕಾಯಿಲೆಯನ್ನು ಬೆಳಗಿನ ಜಾವ, ಮೊದಲ ಸ್ಟಾರ್ಟಿಗೆ ಮುಂಚೆ ನೋಡಬೇಕು. ನಿದ್ದೆ ಕೆಡುತ್ತದೆ, ನಿಜ.

*676 ಇಂಗ್ಲಿಷಲ್ಲ*

ಈಗ ನನ್ನ ಅವಮಾನಕ್ಕೆ ಬರುತ್ತೇನೆ. ಆ ಎರಡು ಅಂಕಿಗಳ ಮುಂದೆ ನಾನು ಇಂಗ್ಲಿಷ್ ಓದುತ್ತಾ ನಿಂತೆ, ತಾತ ಅಂಕಿ ಓದಿದರು.

ದೊಡ್ಡ ಗಾಡಿಗಳ ಕಂಪ್ಯೂಟರುಗಳು ಮಾತಾಡಲು ಜೆ1939 ಎಂಬ ಒಂದು ಒಪ್ಪಂದವಿದೆ. ಅದರಲ್ಲಿ ಕೋಡ್ ಎರಡು ಭಾಗ. ಮೊದಲ ಅಂಕಿ ಎಸ್‌ಪಿಎನ್, ‘ಯಾರಿಗೆ’ ಅಂತ ಹೇಳುತ್ತದೆ. ಎರಡನೆಯದು ಎಫ್‌ಎಂಐ, ‘ಏನಾಗಿದೆ’ ಅಂತ ಹೇಳುತ್ತದೆ. 676 ಅಂದರೆ ಚಳಿ ಸ್ಟಾರ್ಟಿನ ರಿಲೇ. 729 ಅಂದರೆ ಇನ್‌ಟೇಕ್ ಹೀಟರ್. ಎರಡನೇ ಅಂಕಿ 3 ಆದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಹೆಚ್ಚು, 4 ಆದರೆ ಕಮ್ಮಿ. 5 ಆದರೆ ಕರೆಂಟ್ ಹರಿಯುತ್ತಿಲ್ಲ, ದಾರಿ ತುಂಡಾಗಿದೆ. 6 ಆದರೆ ವಿಪರೀತ ಹರಿಯುತ್ತಿದೆ, ಎಲ್ಲೋ ಅರ್ತಿಗೆ ತಗುಲಿದೆ. ಈ ನಾಲ್ಕು ಅಂಕಿ ಬಾಯಿಪಾಠ ಮಾಡಲು ಕಾಲೇಜು ಬೇಕೇ? ಲಾಟರಿ ನಂಬರ್, ಕ್ರಿಕೆಟ್ ಸ್ಕೋರು ಎಲ್ಲ ನೆನಪಿರುತ್ತದೆ ನಮಗೆ!

ಇದಕ್ಕಿಂತ ಮುಖ್ಯವಾದದ್ದು ಕೋಡ್ ಹೇಳದೇ ಇರುವುದು. ರಿಲೇಯಲ್ಲಿ ಎರಡು ಮನೆ. ಒಂದು ಕಾಯಿಲ್ ಮನೆ, ಸಣ್ಣ ವೈರು, ಸ್ವಲ್ಪವೇ ಕರೆಂಟು. ಇನ್ನೊಂದು ಕಾಂಟ್ಯಾಕ್ಟ್ ಮನೆ, ದಪ್ಪ ವೈರು, 80 ಆಂಪಿಯರ್. ಎಷ್ಟೋ ಗಾಡಿಗಳಲ್ಲಿ ಇಸಿಎಂ ಕಾವಲು ಕಾಯುವುದು ಕಾಯಿಲ್ ಮನೆಯನ್ನು ಮಾತ್ರ. ‘ನಾನು ಕರೆಂಟ್ ಕೊಟ್ಟೆ, ಕಾಯಿಲ್ ತೆಗೆದುಕೊಂಡಿತು, ನನ್ನ ಕೆಲಸ ಮುಗಿಯಿತು’ ಅನ್ನುವ ಗುಮಾಸ್ತನ ಬುದ್ಧಿ ಅದರದು. ಆಚೆ ಮನೆಯಲ್ಲಿ ಕಾಂಟ್ಯಾಕ್ಟ್ ಬೆಸೆದು ಕೂತು ಬ್ಯಾಟರಿ ಕುಡಿಯುತ್ತಿದ್ದರೂ ಅದಕ್ಕೆ ಸುದ್ದಿಯೇ ಇಲ್ಲ. ಅದಕ್ಕೇ ಮೊದಲ ದಿನ ಟ್ಯಾಬ್ ‘ಕೋಡ್ ಇಲ್ಲ’ ಅಂದದ್ದು. ಕೋಡ್ ಇಲ್ಲ ಅಂದರೆ ಕಾಯಿಲೆ ಇಲ್ಲ ಅಂತಲ್ಲ. ಕೋಡ್ ಇದೆ ಅಂದರೆ ಅದು ಹೆಸರಿಸಿದ ಸಾಮಾನೇ ಹೋಗಿದೆ ಅಂತಲೂ ಅಲ್ಲ. 676-5 ‘ಇಸಿಎಂ ಬದಲಾಯಿಸು’ ಅಂತ ಎಲ್ಲೂ ಹೇಳುವುದಿಲ್ಲ, ‘ಈ ಬೀದಿಯಲ್ಲಿ ಎಲ್ಲೋ ವೈರ್ ತುಂಡಾಗಿದೆ, ಹೋಗಿ ನೋಡು’ ಅನ್ನುತ್ತದೆ. ಹೋಗಿ ನೋಡುವುದು ಮನುಷ್ಯನ ಕೆಲಸ.

ಹಾಗೇ ರಿಲೇ ‘ಟಕ್’ ಅಂತು, ಆದ್ದರಿಂದ ಸರಿ ಇದೆ ಅನ್ನುವುದೂ ಗ್ಯಾರೇಜಿನ ಮೂಢನಂಬಿಕೆ. ‘ಟಕ್’ ಅಂದದ್ದು ಕಾಯಿಲ್. ಕಾಂಟ್ಯಾಕ್ಟ್ ಸುಟ್ಟು ಕರಿಯಾಗಿದ್ದರೂ ಅದು ಟಕ್ ಅನ್ನುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಗುರುತಿನ ದೀಪ ಹತ್ತಿ ಆರಿತು ಅಂದರೆ ಟೈಮ್ ಮುಗಿಯಿತು ಅಂತ, ಜಾಲರಿ ಕಾಯಿತು ಅಂತಲ್ಲ.

*ಸುಳ್ಳು ಹೇಳುವ ಬಲ್ಬು*

ನಮ್ಮ ಮೇಸ್ತ್ರಿಗಳ ಪ್ರೀತಿಯ ಆಯುಧ ಟೆಸ್ಟ್ ಲ್ಯಾಂಪ್. ನನಗೂ ಅದರ ಮೇಲೆ ಪ್ರೀತಿಯೇ. ಆದರೆ ಈ ಕೆಲಸದಲ್ಲಿ ಅದು ಸುಳ್ಳು ಹೇಳುತ್ತದೆ. ಹೇಗೆ ಅಂತ ತಾತ ಒಂದು ಸಿಗರೇಟ್ ಪ್ಯಾಕಿನ ಹಿಂದೆ ಲೆಕ್ಕ ಮಾಡಿ ತೋರಿಸಿದರು.

ಹೀಟರಿನ ರೆಸಿಸ್ಟೆನ್ಸ್ 0.3 ಓಮ್. 24 ವೋಲ್ಟನ್ನು 0.3ರಿಂದ ಭಾಗಿಸಿದರೆ 80 ಆಂಪಿಯರ್. ಅಂದರೆ 1920 ವ್ಯಾಟ್, ನಿಮ್ಮ ಬಚ್ಚಲುಮನೆಯ ಗೀಸರಿನಷ್ಟು. ಈಗ ದಾರಿಯಲ್ಲಿ ಒಂದು ಬೋಲ್ಟ್ ತುಕ್ಕು ಹಿಡಿದು 0.05 ಓಮ್ ಸೇರಿಕೊಂಡಿತು ಅನ್ನಿ. ಕಣ್ಣಿಗೆ ಕಾಣದಷ್ಟು. ಕರೆಂಟ್ 69 ಆಂಪಿಯರಿಗೆ ಇಳಿಯುತ್ತದೆ. ಆ ಬೋಲ್ಟಿನಲ್ಲೇ 3.4 ವೋಲ್ಟ್ ಸೋರುತ್ತದೆ, 235 ವ್ಯಾಟ್ ಬಿಸಿ ಅಲ್ಲೇ ಹುಟ್ಟುತ್ತದೆ. ವೈರ್ ಕರಗುವುದು, ಬೆಂಕಿ ಹತ್ತುವುದು ಇಲ್ಲಿಂದಲೇ. ಹೀಟರಿಗೆ ಸಿಗುವುದು 1400 ವ್ಯಾಟ್ ಚಿಲ್ಲರೆ. ಅದೇ ಜಾಗದಲ್ಲಿ 5 ವ್ಯಾಟಿನ ಟೆಸ್ಟ್ ಲ್ಯಾಂಪ್ ಇಡಿ. ಅದು ಕುಡಿಯುವುದು 0.2 ಆಂಪಿಯರ್. ಆ ತುಕ್ಕು ಬೋಲ್ಟಿನಲ್ಲಿ ಅದಕ್ಕೆ ಆಗುವ ನಷ್ಟ ಒಂದು ವೋಲ್ಟಿನ ನೂರನೇ ಒಂದು ಪಾಲು. ಬಲ್ಬು ಝಗಮಗ ಉರಿಯುತ್ತದೆ, ಮೇಸ್ತ್ರಿ ‘ಲೈನ್ ಓಕೆ’ ಅನ್ನುತ್ತಾರೆ. ಸೈಕಲ್ ದಾಟಿದ ಸೇತುವೆಯ ಮೇಲೆ ಲಾರಿ ಹೋದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕೇ?

ಮಲ್ಟಿಮೀಟರಿನ ಓಮ್ ಕಡೆಯೂ ಇಲ್ಲಿ ಕೈಕೊಡುತ್ತದೆ. ಅದರ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದರೇ 0.2, 0.3 ಅನ್ನುತ್ತದೆ, ಇನ್ನು 0.3 ಓಮ್ ಹೀಟರನ್ನು ಅಳೆಯುವುದೆಲ್ಲಿ? ದಾರಿ ಒಂದೇ, ಕೆಲಸ ಮಾಡುತ್ತಿರುವಾಗ ಅಳೆಯುವುದು. ಹೀಟರ್ ಕಾಯುತ್ತಿರುವಾಗ ಮೀಟರನ್ನು ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಹೀಟರಿನ ಬೋಲ್ಟಿಗೆ. ಇಡೀ ದಾರಿಯಲ್ಲಿ ಎಷ್ಟು ಸೋರಿತು ಅಂತ ನೇರ ತೋರಿಸುತ್ತದೆ. ಒಂದು ವೋಲ್ಟ್ ದಾಟಿದರೆ ಒಂದೊಂದೇ ಜಾಯಿಂಟ್ ಹಿಡಿದು ಹತ್ತಿರ ಬನ್ನಿ, ಫ್ಯೂಸಿನ ಆಚೆ ಈಚೆ, ರಿಲೇಯ ದಪ್ಪ ಬೋಲ್ಟುಗಳ ಆಚೆ ಈಚೆ. ಆಮೇಲೆ ಅರ್ತಿನ ಕಡೆಯೂ ಹೀಗೇ, ಹೀಟರಿನ ಮೈಯಿಂದ ಬ್ಯಾಟರಿಯ ಮೈನಸ್ಸಿಗೆ. ಅರ್ತನ್ನು ಯಾರೂ ನೋಡುವುದಿಲ್ಲ. ಬಡವರ ಮನೆಯ ಹಾಗೆ, ಎಲ್ಲ ಭಾರ ಅದರ ಮೇಲೆ, ವಿಚಾರಿಸುವವರು ಮಾತ್ರ ಇಲ್ಲ.

ಕ್ಲ್ಯಾಂಪ್ ಮೀಟರ್ ಕೊಳ್ಳಲು ಎಸ್.ಪಿ. ರಸ್ತೆಗೆ ಹೋಗುವವರಿಗೆ ಒಂದು ಕಿವಿಮಾತು. ಅಗ್ಗದ ಕ್ಲ್ಯಾಂಪ್ ಮೀಟರುಗಳಲ್ಲಿ ಹೆಚ್ಚಿನವು ಮನೆಯ ಎಸಿ ಕರೆಂಟನ್ನು ಮಾತ್ರ ಅಳೆಯುತ್ತವೆ. ಬ್ಯಾಟರಿಯ ಡಿಸಿ ಕರೆಂಟಿಗೆ ಸೊನ್ನೆ ತೋರಿಸುತ್ತವೆ. ‘ಡಿಸಿ ಆಂಪಿಯರ್ ಅಳೆಯುತ್ತದಾ’ ಅಂತ ಕೇಳಿ, ಅಂಗಡಿಯಲ್ಲೇ ತೋರಿಸಿಕೊಂಡು ತನ್ನಿ. ನಾನು ಕೇಳದೆ ಒಂದು ತಂದು ಮನೆಯಲ್ಲಿಟ್ಟಿದ್ದೇನೆ.

ಹೀಟರ್ ಪ್ಲಗ್ ಇರುವ ಎಂಜಿನ್ನಿಗೂ ಇದೇ ಲೆಕ್ಕ. ಗಣೇಶನ ಪೆಂಡಾಲಿಗೆ ಸೀರಿಯಲ್ ಸೆಟ್ ಕಟ್ಟಿದವರಿಗೆ ಹೊಸದಾಗಿ ಹೇಳುವುದೇನಿಲ್ಲ. ಹಳೇ ಕಾಲದ ಪ್ಲಗ್‌ಗಳು ಸೀರಿಯಲ್ ಸೆಟ್ಟೇ, ಒಂದು ಹೋದರೆ ಎಲ್ಲ ಹೋದವು. ಆಮೇಲಿನ ಪೆನ್ಸಿಲ್ ಪ್ಲಗ್‌ಗಳು ಮನೆಯ ಬಲ್ಬುಗಳ ಹಾಗೆ, ಒಂದು ಹೋದರೆ ಉಳಿದವು ಉರಿಯುತ್ತವೆ. ಆರು ಪ್ಲಗ್ಗಿಗೆ ತಲಾ 10 ಆಂಪಿಯರಿನಂತೆ 60 ಬರಬೇಕಾದಲ್ಲಿ 50 ಬಂದರೆ ಒಂದು ಸತ್ತಿದೆ. ಆರನ್ನೂ ಬಿಚ್ಚಬೇಕಿಲ್ಲ.

ಈ ನಡುವೆ ಒಂದು ಮಾತು. ನಮ್ಮ ಬಡಾವಣೆಗೆ ಹೆಸರು ಕೊಟ್ಟ ಮರ್ಫಿ ಆಗಿನ ದಂಡು ಪ್ರದೇಶದ ಎಂಜಿನಿಯರ್. ‘ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ’ ಎಂಬ ನಿಯಮದ ಮರ್ಫಿ ಬೇರೆ, ಅಮೆರಿಕದ ವಾಯುಪಡೆಯ ಎಂಜಿನಿಯರ್. 1949ರಲ್ಲಿ ಒಂದು ಪರೀಕ್ಷೆಯಲ್ಲಿ ಅಳತೆಯ ಸೆನ್ಸರುಗಳಿಗೆ ವೈರ್ ಉಲ್ಟಾ ಕೊಟ್ಟದ್ದರಿಂದ ಆ ಮಾತು ಹುಟ್ಟಿತು ಅನ್ನುತ್ತಾರೆ. ಇಬ್ಬರಿಗೂ ಸಂಬಂಧವಿಲ್ಲ. ಆದರೂ ವೈರಿನ ಕಾಯಿಲೆ ಹಿಡಿಯಲು ಇದಕ್ಕಿಂತ ಒಳ್ಳೇ ಹೆಸರಿನ ಊರು ಎಲ್ಲಿ ಸಿಗುತ್ತದೆ?

*ವೈರ್ ಕತ್ತರಿಸುವ ಶೂರರು*

‘ಇಷ್ಟೆಲ್ಲ ಯಾಕೆ ಗುರು, ಹೀಟರ್ ವೈರ್ ಕಟ್ ಮಾಡಿ ಬಿಸಾಕು’ ಅನ್ನುವವರಿದ್ದಾರೆ. ಹಳೇ ಗಾಡಿ ಇದ್ದು, ಹೊಸೂರು ದಾಟಿ ಹೋಗುವುದೇ ಇಲ್ಲ ಅಂದರೆ ನಾನು ಪೂರ್ತಿ ತಪ್ಪು ಅನ್ನಲಾರೆ. ಕತ್ತರಿಸಿದ ತುದಿಯನ್ನು ಬರಿಮೈಯಲ್ಲಿ ಬಿಡುವುದು ಮಾತ್ರ ತಪ್ಪು. ನೇರ ಬ್ಯಾಟರಿಯಿಂದ ಬಂದ ದಪ್ಪ ವೈರು ಅದು, ಚಾಸಿಗೆ ತಗುಲಿದರೆ ವೆಲ್ಡಿಂಗ್ ಆಗುತ್ತದೆ. ಕತ್ತರಿಸಿದ್ದನ್ನು ಬರೆದಿಡದೆ ಗಾಡಿ ಮಾರುವುದು ಇನ್ನೂ ದೊಡ್ಡ ತಪ್ಪು. ಮುಂದೆ ಶ್ರೀನಗರದ ಸೇಬಿನ ಬಾಡಿಗೆ ಹಿಡಿದ ಯಾರೋ ಡ್ರೈವರ್ ನಡುರಾತ್ರಿ ಅಲ್ಲಿ ನಮಗೆ ಶಾಪ ಹಾಕುತ್ತಾನೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಕತ್ತರಿಯ ಆಟ ನಡೆಯುವುದೂ ಇಲ್ಲ. ಇಸಿಎಂಗೆ ಗೊತ್ತಾಗುವ ಕಡೆ ಕತ್ತರಿಸಿದರೆ ದೀಪ ಹತ್ತಿಕೊಂಡೇ ಇರುತ್ತದೆ. ಫ್ಯೂಸ್ ಹೋದಲ್ಲಿ ತಾಮ್ರದ ತಂತಿ ಸುತ್ತುವವರ ಬಗ್ಗೆ ಮಾತೇ ಬೇಡ.

ಇನ್ನು ಕೆಲವರು ಈಥರ್ ಸ್ಪ್ರೇ ಡಬ್ಬಿ ತರುತ್ತಾರೆ, ಅದಿಲ್ಲದಿದ್ದರೆ ಬಟ್ಟೆಗೆ ಬೆಂಕಿ ಹಚ್ಚಿ ಏರ್ ಕ್ಲೀನರ್ ಬಾಯಿಗೆ ಹಿಡಿಯುತ್ತಾರೆ. ಹೀಟರ್ ಪ್ಲಗ್ಗೋ ಜಾಲರಿಯೋ ಇರುವ ಎಂಜಿನ್ನಿಗೆ ಈಥರ್ ಹೊಡೆದರೆ, ಕೆಂಪಗೆ ಕಾದ ತಂತಿಯ ಮೇಲೆ ಅದು ಬಿದ್ದು ಕೊಳವೆಯೇ ಸಿಡಿಯಬಹುದು. ಮುಖ ಅಲ್ಲೇ ಇರುತ್ತದೆ. ಮಾಡಬೇಡಿ. ಇಂಥ ಕೆಲಸಕ್ಕೆ ಇಳಿಯುವ ಮುಂಚೆ ಕೈಯಲ್ಲಿರುವ ಉಂಗುರ, ಲೋಹದ ಬಳೆ ತೆಗೆದಿಡಿ. ಪಾನಾದ ಬಾಯಿಗೆ ಬ್ಯಾಟರಿ ಸಿಕ್ಕರೆ ಉಂಗುರದೊಳಗೆ ಬೆರಳು ಬೆಂದುಹೋಗುತ್ತದೆ.

ಲಾರಿ ನಮಗೆ ಯಾಕೆ ಅನ್ನುವ ಇಂದಿರಾನಗರದ ತಮ್ಮಂದಿರೇ, ನಿಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿಯಿರಿ. ಅಲ್ಲಿ ಜನರೇಟರ್ ಇದೆ. ದೊಡ್ಡ ಸೆಟ್ಟುಗಳಲ್ಲಿ ನೀರಿನ ಜಾಕೆಟ್ಟಿಗೆ ಒಂದು ಹೀಟರ್ ಇರುತ್ತದೆ, ಆಸ್ಪತ್ರೆಗಳಲ್ಲಂತೂ ಬೇಕೇಬೇಕು, ಕರೆಂಟ್ ಹೋದ ಕೆಲವೇ ಸೆಕೆಂಡಿನಲ್ಲಿ ಪೂರ್ತಿ ಲೋಡ್ ಹೊರಬೇಕಲ್ಲ. ಅದು ಕೆಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ, ಕರೆಂಟ್ ಹೋಗುವವರೆಗೆ. ನೀರು ಕಡಿಮೆಯಾಗಿ ಕಾಯಿಲ್ ಗಾಳಿಗೆ ಬಿದ್ದರೆ ಸುಟ್ಟುಹೋಗುತ್ತದೆ. ಎಂಜಿನ್ ಸ್ಟಾರ್ಟ್ ಆದೊಡನೆ ಹೀಟರನ್ನು ಕಡಿಯಬೇಕಾದ ಕಾಂಟ್ಯಾಕ್ಟರ್ ಅಂಟಿಕೊಳ್ಳುತ್ತದೆ. ಲೀಕೇಜಿನಿಂದ ಟ್ರಿಪ್ ಆದ ಸ್ವಿಚ್ಚನ್ನು ವಾಚ್‌ಮನ್ ಮತ್ತೆ ಮತ್ತೆ ಎತ್ತುತ್ತಾನೆ. ಇದು 24 ವೋಲ್ಟಲ್ಲ, 230. ಮೈನ್ ಆಫ್ ಮಾಡದೆ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಇಲ್ಲದೆ ಮುಟ್ಟಬೇಡಿ. ಆದರೆ ಎಂಜಿನ್ ಮೈ ಬೆಚ್ಚಗಿದೆಯಾ ಅಂತ ವಾರಕ್ಕೊಮ್ಮೆ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಲು ಯಾವ ಲೈಸೆನ್ಸೂ ಬೇಡ.

*ಯಾಕೆ ಅಂಟ್ತು?*

ಹಳೇ ಮದರಾಸು ರಸ್ತೆಯಲ್ಲಿ ಒಂದು ಕಾಲಕ್ಕೆ ಇಂಥ ತಾತಂದಿರು ಗುಂಪುಗುಂಪಾಗಿ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಟ್ರಾನ್ಸ್‌ಫಾರ್ಮರು, ಮೋಟಾರು, ಸ್ವಿಚ್‌ಗೇರು ಮಾಡುತ್ತಿತ್ತು. 2002ರಲ್ಲಿ ಬಾಗಿಲು ಹಾಕಿತು. ಆಡುಗೋಡಿಯ ಮೈಕೊ ಡೀಸೆಲ್ ಪಂಪಿನ ತವರುಮನೆ, 2008ರಿಂದ ಅದರ ಹೆಸರು ಬಾಷ್. ನಮ್ಮ ಮಗ್ಗುಲಲ್ಲೇ ಸೇನೆಯ 515 ಬೇಸ್ ವರ್ಕ್‌ಶಾಪ್. ಈ ಸುತ್ತಿನ ಬೀದಿಗಳಲ್ಲಿ ಕಾಂಟ್ಯಾಕ್ಟ್ ಯಾಕೆ ಸುಡುತ್ತದೆ, ಕಾಯಿಲ್ ಯಾಕೆ ನಡುಗುತ್ತದೆ ಅಂತ ಕೈಯಿಂದ ಬಲ್ಲವರು ಎಷ್ಟಿದ್ದರು! ಕನ್ನಡ, ತಮಿಳು, ದಖ್ಖನಿ ಬೆರೆಸಿ ಅವರು ಆಡಿದ ಆ ವಿದ್ಯೆಯನ್ನು ಕೂತು ಬರೆದವರು ಯಾರು? ಯಾರೂ ಇಲ್ಲ. ಟ್ಯಾಬಿನ ಪರದೆಯಲ್ಲಿ ಕನ್ನಡ ಇರಲಿಲ್ಲ ಅಂತ ಸಿಟ್ಟಾಗುವ ಹಕ್ಕು ನಮಗಿದೆ. ಆದರೆ ನಮ್ಮ ಗ್ಯಾರೇಜಿನ ಗೋಡೆಯ ಮೇಲೆ ಒಂದು ರಿಲೇಯ ಚಿತ್ರ ಬರೆದು ಕಾಲು 30, 85, 86, 87 ಯಾವುದು ಏನು ಅಂತ ಕನ್ನಡದಲ್ಲಿ ಬರೆಯಲು ಯಾರು ಅಡ್ಡ ಬಂದಿದ್ದರು? ನವೆಂಬರ್ ಒಂದಕ್ಕೆ ಆರ್ಕೆಸ್ಟ್ರಾಕ್ಕೆ ಸುರಿದ ದುಡ್ಡಿನಲ್ಲಿ ಇಪ್ಪತ್ತನೇ ಒಂದು ಪಾಲಿಗೆ ಎರಡು ಡಿಸಿ ಕ್ಲ್ಯಾಂಪ್ ಮೀಟರ್ ಬರುತ್ತಿದ್ದವು. ನಾನೂ ಆ ಆರ್ಕೆಸ್ಟ್ರಾ ಮುಂದೆ ಕುಣಿದವನೇ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಟ್ಯಾಂಕರಿಗೆ ಹೊಸ ರಿಲೇ ಹಾಕಿದೆವು. ಮೂರು ಸಾವಿರದೊಳಗೆ ಮುಗಿಯಿತು. ಟ್ಯಾಂಕರಣ್ಣ ಮೈಸೂರುಪಾಕ್ ತಂದರು. ತಾತ ಹಳೇ ರಿಲೇಯನ್ನು ಸೀಳಿ, ಗುಳಿ ಬಿದ್ದ ಕಾಂಟ್ಯಾಕ್ಟ್ ತೋರಿಸಿ ಕೇಳಿದರು, ‘ಯಾಕೆ ಅಂಟ್ತು?’

ಯಾರ ಬಾಯಲ್ಲೂ ಉತ್ತರವಿಲ್ಲ. ಮೈಸೂರುಪಾಕ್ ಇತ್ತು.

ಮಾರನೇ ದಿನ ಬೆಳಗಿನ ಜಾವ ಹೊಸ ರಿಲೇ ಕೂಡುವಾಗ ಕಾಯಿಲಿನ ಎರಡು ಕಾಲುಗಳ ನಡುವೆ ಅಳೆದರು. 24 ಇರಬೇಕಾದಲ್ಲಿ 17 ವೋಲ್ಟ್. ಅರೆಹೊಟ್ಟೆಯ ಕಾಯಿಲ್ ಕಾಂಟ್ಯಾಕ್ಟನ್ನು ಗಟ್ಟಿಯಾಗಿ ಒತ್ತಲಾರದು. ಅದು ನಡುಗುತ್ತದೆ, ನಡುಗಿದಾಗೆಲ್ಲ 80 ಆಂಪಿಯರಿನ ಕಿಡಿ, ಕಿಡಿಯಲ್ಲಿ ಲೋಹ ಕರಗಿ ಬೆಸೆಯುತ್ತದೆ. ಬೆಸೆದರೆ ಬ್ಯಾಟರಿ ಇಳಿಯುತ್ತದೆ, ಇಳಿದ ಬ್ಯಾಟರಿಯಲ್ಲಿ ಕಾಯಿಲ್ ಇನ್ನಷ್ಟು ನಡುಗುತ್ತದೆ. ಹೊಸ ರಿಲೇಯೂ ಮುಂದಿನ ಸಂಕ್ರಾಂತಿ ಕಾಣುತ್ತಿರಲಿಲ್ಲ. ಸಣ್ಣ ವೈರನ್ನು ಹಿಡಿದುಕೊಂಡು ಹೋದರೆ ಅದರ ಅರ್ತ್ ಬೋಲ್ಟ್ ಚಾಸಿಯ ಮೇಲೆ, ಸರಿಯಾಗಿ ಟ್ಯಾಂಕಿನ ಸೋರುವ ವಾಲ್ವಿನ ಕೆಳಗೆ. ವರ್ಷಗಟ್ಟಲೆ ನೀರು ಬಿದ್ದು ಬೋಲ್ಟ್ ತುಕ್ಕಿನ ಉಂಡೆಯಾಗಿತ್ತು. ಉಪ್ಪುಕಾಗದ ಹಾಕಿ ಉಜ್ಜಿ, ಹೊಸ ಬೋಲ್ಟ್ ಬಿಗಿದು, ಗ್ರೀಸ್ ಸವರಿದರು. ಮತ್ತೆ ಅಳೆದರೆ 23.6. ವಾಲ್ವಿಗೆ ವಾಷರ್ ಹಾಕಿಸಿದ್ದು ಬೇರೆ ಖರ್ಚು, ನಲವತ್ತು ರೂಪಾಯಿ.

ಹೋದ ಡಿಸೆಂಬರ್ ಪೂರ್ತಿ ನಮ್ಮ ಬೀದಿ ಐದಕ್ಕೇ ಎದ್ದಿತು. ಸೀಳಿದ ರಿಲೇಯನ್ನು ಸಂಘದ ಕಪಾಟಿನಲ್ಲಿ, ಕಬಡ್ಡಿ ಕಪ್ಪಿನ ಪಕ್ಕ ಇಟ್ಟಿದ್ದೇವೆ. ನೋಡಬೇಕು ಅನ್ನುವವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ, ತಾತ ಇರುತ್ತಾರೆ. ಮೀಟರ್ ನೀವೇ ತರಬೇಕು. ನನ್ನದು ಎಸಿ ಮಾತ್ರ ಅಳೆಯುತ್ತದೆ.